ಎಸಿಯೊಳಗೊಂದು ಆಷಾಢ

ನಮ್ಮ ಕಾರಿನ ಎಸಿಯ ಬಗ್ಗೆ ಹೈದರಾಬಾದಿನ ಕನ್ನಡಿಗರಲ್ಲಿ ಎರಡು ಅಭಿಪ್ರಾಯಗಳಿದ್ದವು. ಒಂದು ನನ್ನದು, ಇನ್ನೊಂದು ಉಳಿದವರೆಲ್ಲರದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಯಾವ ಕಾರ್ಯಕ್ರಮ ಮುಗಿದರೂ ನಾನು ಕೀಲಿಕೈ ಕುಣಿಸುತ್ತ ಬಾಗಿಲಲ್ಲಿ ನಿಂತು, “ಗಾಡಿ ಅದ, ಬರ್ರಿ, ದಾರ್ಯಾಗ ಬಿಟ್ಟು ಹೋಗ್ತೀನಿ” ಎಂದು ಕರೆಯುತ್ತಿದ್ದೆ. ಬರ್ಕತ್‌ಪುರದಲ್ಲಿ ನಮ್ಮ ಗಲ್ಲಿಯಲ್ಲೇ ಇರುವವರಿಗೂ ಆಗ ಸುಲ್ತಾನ್ ಬಜಾರಿನಲ್ಲಿ ಏನೋ ಕೆಲಸ ನೆನಪಾಗಿಬಿಡುತ್ತಿತ್ತು. ಇಷ್ಟು ವರ್ಷ ಹೈದರಾಬಾದಿನಲ್ಲಿದ್ದರೂ ನಮ್ಮ ಜನ ಸಂಕೋಚ ಬಿಟ್ಟಿಲ್ಲವಲ್ಲ ಎಂದು ಅಭಿಮಾನಪಡುತ್ತ ನಾನೊಬ್ಬನೇ ಮನೆಗೆ ಬರುತ್ತಿದ್ದೆ.

ಧಾರವಾಡದಿಂದ ಉಪನ್ಯಾಸಕ್ಕೆ ಬಂದಿದ್ದ ಹಿರಿಯರೊಬ್ಬರಿಗೆ ಸುಲ್ತಾನ್ ಬಜಾರ್ ಗೊತ್ತಿರಲಿಲ್ಲ. ಹಾಗಾಗಿ ತಪ್ಪಿಸಿಕೊಳ್ಳಲು ಆಗಲಿಲ್ಲ. ನಾಂಪಲ್ಲಿ ಸ್ಟೇಶನ್ನಿಗೆ ಬಿಡುತ್ತೇನೆಂದು ಕೂರಿಸಿಕೊಂಡು, ಗಾಜು ಏರಿಸಿ, ಎಸಿ ಹಾಕಿದೆ. ವಚನ ಸಾಹಿತ್ಯದ ಬಗ್ಗೆ ಓತಪ್ರೋತವಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರು. ಸಭೆಯಲ್ಲಿ ಹೊದಿಸಿದ್ದ ಶಾಲಿನ ತುದಿ ಮೂಗಿಗೆ ಬಂತು. ಕೋಠಿಯ ಸಿಗ್ನಲ್ಲಿನಲ್ಲಿ, ಸಿಟಿ ಬಸ್ಸೊಂದು ನಮ್ಮ ಮುಖಕ್ಕೇ ಹೊಗೆ ಉಗುಳುತ್ತ ನಿಂತಿದ್ದಾಗ, “ಸ್ವಲ್ಪ ಕಿಡಕಿ ಇಳಸ್ರೆಲಾ, ಹೈದರಾಬಾದಿನ ಗಾಳಿ ತಗೋಬೇಕಂತ ಭಾಳ ದಿನದ ಆಶಾ ಅದ” ಎಂದರು. ಕೋಠಿಯ ಗಾಳಿಯನ್ನು ಅಷ್ಟು ಆಸೆಪಟ್ಟು ಎಳೆದುಕೊಂಡ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ನಾಂಪಲ್ಲಿಯಲ್ಲಿ ಇಳಿದು ಕೈಮುಗಿದವರು, ಹೋಗುವ ಮುಂಚೆ ಮೆಲ್ಲಗೆ ಕೇಳಿದರು: “2020ರಾಗ ನಿಮ್ಮೂರಾಗ ಮಳಿ ಆಗಿ ಗಾಡಿಗೋಳೆಲ್ಲ ತೇಲ್ಯಾಡಿದ್ವಲ್ರಿ, ಅದರಾಗಿಂದೇನು ಇದು?”

ಅಲ್ಲ ಸ್ವಾಮಿ, ಷೋರೂಮಿನಿಂದ ತಂದದ್ದು. ನಿವೃತ್ತಿಯ ದುಡ್ಡಿನಲ್ಲಿ.

ನನ್ನ ಮೂಗನ್ನೂ ತೀರಾ ಬೈಯುವಂತಿಲ್ಲ. ಒಂದೇ ವಾಸನೆ ಕೆಲವು ನಿಮಿಷ ಸತತವಾಗಿ ಬಂದರೆ ಯಾರ ಮೂಗೇ ಆಗಲಿ ಅದನ್ನು ಕಡತದಿಂದ ತೆಗೆದುಹಾಕುತ್ತದೆ. ಹೊಸದು ಬಂದಾಗ ಗಂಟೆ ಬಾರಿಸುವುದಷ್ಟೇ ಅದರ ನೌಕರಿ. ಅದಕ್ಕೇ ತನ್ನ ಮನೆಯ, ತನ್ನ ಕಾರಿನ, ತನ್ನ ಶೂಗಳ ವಾಸನೆ ಯಾವನಿಗೂ ತಿಳಿಯುವುದಿಲ್ಲ. ತಿಳಿಯುವುದು ಬೀಗರಿಗೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಹುಮನಾಬಾದಿನಿಂದ ಬಂದಿದ್ದ ಅತ್ತೆಯವರು ಹಿಂದಿನ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವ ಮೊದಲೇ, “ಅಳಿಯಾವ್ರೆ, ಗಾಡ್ಯಾಗ ಇಲಿ ಗಿಲಿ ಸತ್ತದೇನ್ರಿ?” ಎಂದರು. ಇಷ್ಟು ಕಾಲ ಸುಮ್ಮನಿದ್ದ ನನ್ನ ಹೆಂಡತಿಗೆ ತವರಿನ ಬಲ ಬಂತು. “ನಾ ಹೇಳಿದ್ರ ಜಗಳಾ ತೆಗೀತಾಳ ಅಂತಾರವ್ವ. ಈಗ ನೀನಾ ಹೇಳಿದಿ” ಎಂದು ಮೊಕದ್ದಮೆ ದಾಖಲಿಸಿದಳು. ಆಪಾದಿತ: ಇಂದಿರಾ ಪಾರ್ಕಿನ ವಾಕಿಂಗಿಗೆಂದು ನಾನು ಡಿಕ್ಕಿಯಲ್ಲಿ ಇಟ್ಟುಕೊಂಡಿರುವ ಶೂ. ನಾನು ಪ್ರತಿದಾವೆ ಹೂಡಿದೆ: ಹಿಂದಿನ ಬೇಸಿಗೆಯಲ್ಲಿ ಇದೇ ಅತ್ತೆಯವರು ಕೊಟ್ಟು ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಜಹೀರಾಬಾದಿನ ಹತ್ತಿರ ಹಿಂದಿನ ಸೀಟಿನ ಕೆಳಗೆ ಉರುಳಿ ಮುಚ್ಚಳ ಬಿಚ್ಚಿಕೊಂಡಿತ್ತು. ಇಬ್ಬರ ನಡುವೆ ಮಗಳು ಒಂದೇ ಮಾತು ಹೇಳಿದಳು. “ಪಪ್ಪಾ, ಮ್ಯಾನ್ಯುಯಲ್ ಓದ್ರಿ.”

ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವನು ನಾನು. ಅದು 1941ರಲ್ಲಿ ನಿಜಾಮರ ಸರ್ಕಾರ ಕಟ್ಟಿದ ಬ್ಯಾಂಕು. 2017ರ ಏಪ್ರಿಲ್ 1ಕ್ಕೆ ದೊಡ್ಡ ಬ್ಯಾಂಕಿನಲ್ಲಿ ಲೀನವಾಯಿತು. ಆ ಮೂವತ್ತು ವರ್ಷವೂ ಪೆನ್ಸಿಲಿನಲ್ಲಿ ಗುರುತು ಹಾಕಿದ ಜಾಗದಲ್ಲಿ ಜನರಿಂದ ಓದದೆ ಸಹಿ ಹಾಕಿಸುವುದೇ ನನ್ನ ಕಸುಬು. ಅಂಥವನಿಗೆ ಪುಸ್ತಕ ಓದು ಎಂದರೆ? ಮ್ಯಾನ್ಯುಯಲ್ಲು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಕವರಿನ ಸೀಲು ಕೂಡ ಒಡೆಯದೆ, ಇನ್ಶೂರೆನ್ಸ್ ಕಾಗದಗಳ ಕೆಳಗೆ ನೆಮ್ಮದಿಯಾಗಿ ಮಲಗಿತ್ತು. ನಾವು ಹುಡುಕುತ್ತಿದ್ದ ಕಳ್ಳ ಆ ಡಬ್ಬಿಯ ಹಿಂದೆಯೇ ಇದ್ದ ಎಂಬುದು ಆಮೇಲೆ ತಿಳಿಯಿತು.

ಹೈದರಾಬಾದಿನ ಬೇಸಿಗೆ ನಮ್ಮ ಕಲಬುರಗಿ ಬೇಸಿಗೆಯ ತಮ್ಮ. ನಲವತ್ತು ದಾಟುತ್ತದೆ, ಆದರೆ ಒಣ ಬಿಸಿಲು. ಆ ಮೂರು ತಿಂಗಳು ಎಸಿ ಎಷ್ಟು ಓಡಿದರೂ ವಾಸನೆಯ ಸುಳಿವಿರುವುದಿಲ್ಲ. ಜೂನ್ ಕಳೆದು ಮೋಡ ಮುಸುಕಿ ಗಾಳಿಯಲ್ಲಿ ನೀರಿನಂಶ ಏರಿತೋ, ಆಗ ಶುರು. ಫ್ರಿಜ್ಜಿನಿಂದ ತೆಗೆದಿಟ್ಟ ಸ್ಟೀಲ್ ತಂಬಿಗೆಯ ಮೈ ಬೆವರುವುದಿಲ್ಲವೆ, ಡ್ಯಾಶ್‌ಬೋರ್ಡಿನೊಳಗಿನ ತಂಪುಗೊಳವೆಗಳ ಜಾಲವೂ ಹಾಗೆಯೇ ಬೆವರುತ್ತದೆ. ಇವಾಪೊರೇಟರ್ ಎನ್ನುತ್ತಾರೆ ಅದಕ್ಕೆ. ಒತ್ತೊತ್ತಾಗಿ ಜೋಡಿಸಿದ ತೆಳು ಅಲ್ಯೂಮಿನಿಯಂ ಹಾಳೆಗಳು, ನಡುವೆ ನೀರು, ನೀರಿಗೆ ಅಂಟಿದ ಧೂಳು, ಸುತ್ತ ಕತ್ತಲು. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ನಿವೇಶನವನ್ನು ಬಂಜಾರಾ ಹಿಲ್ಸಿನಲ್ಲೂ ಕೊಡಲಾರರು. ನಾವು ಮನೆ ಮುಟ್ಟಿದ ಕೂಡಲೇ ಎಸಿ, ಫ್ಯಾನು, ಎಂಜಿನ್ನು ಎಲ್ಲವನ್ನೂ ಒಂದೇ ಏಟಿಗೆ ಆರಿಸಿ ಇಳಿದು ಹೋಗುತ್ತೇವೆ. ಒಳಗಿನ ಹಸಿ ಹಸಿಯಾಗಿಯೇ ಉಳಿಯುತ್ತದೆ. ಮರುದಿನ ಗುಂಡಿ ಒತ್ತಿದಾಗ ರಾತ್ರಿಯಿಡೀ ಸಂಸಾರ ಹೂಡಿದವರ ಮೊದಲ ಉಸಿರು ನಮ್ಮ ಮುಖಕ್ಕೆ. ಅದರ ಮೇಲೆ ಹೈದರಾಬಾದಿನ ನಮ್ಮೆಲ್ಲರ ಇನ್ನೊಂದು ಚಟ: ಧೂಳು, ಹೊಗೆ, ಮೂಸಿಯ ಸೇತುವೆ, ಇವುಗಳಿಗೆ ಹೆದರಿ ಹೊರಗಿನ ಗಾಳಿಯ ಕಿಂಡಿಯನ್ನು ವರ್ಷವಿಡೀ ಮುಚ್ಚಿಡುವುದು. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವುದು. ಮೂಸಿಯನ್ನು ತಪ್ಪಿಸಲು ಹೋಗಿ ಖಾಸಗಿ ಮೂಸಿಯೊಂದನ್ನು ಸಾಕುವುದು.

ಆ ಬೆವರು ಕಾರಿನ ತಳದ ಒಂದು ಸಣ್ಣ ರಬ್ಬರ್ ನಳಿಗೆಯಿಂದ ಹೊರಗೆ ತೊಟ್ಟಿಕ್ಕಬೇಕು. ತೊಟ್ಟಿಕ್ಕುತ್ತಿತ್ತು ಕೂಡ. ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಎದುರು ಮನೆಯ ರಾವ್ ಗಾರು ಅದನ್ನು ನೋಡಿ, “ಮೀ ಕಾರು ಲೀಕ್ ಅವುತೋಂದಿ ಸಾರ್” ಎಂದು ದಿನವೂ ಎಚ್ಚರಿಸುತ್ತಿದ್ದರು. ನನಗೂ ಮುಜುಗರ. ಆಮೇಲೆ ಒಂದು ಮಳೆಗಾಲದಲ್ಲಿ ತೊಟ್ಟಿಕ್ಕುವುದು ತಾನಾಗಿ ನಿಂತಿತು. ಒಂದು ರೂಪಾಯಿ ಖರ್ಚಿಲ್ಲದೆ ರಿಪೇರಿಯಾದ ಕಾರಿನ ಬಗ್ಗೆ ನಾನು ರಾವ್ ಗಾರಿಗೆ, ಹೆಂಡತಿಗೆ, ಪಿಂಚಣಿದಾರರ ಸಂಘದ ಗೆಳೆಯರಿಗೆ ಹೇಳಿಕೊಂಡು ತಿರುಗಿದೆ.

ವಾಸನೆಗೆ ಮದ್ದು ಸುವಾಸನೆ, ಇದು ನನ್ನ ಮೊದಲ ಸಿದ್ಧಾಂತ. ಪೆಟ್ರೋಲ್ ಬಂಕಿನಲ್ಲಿ ಕೊಂಡ ನೀಲಿ ಜೆಲ್ಲಿನ ಡಬ್ಬಿಯ ಮೇಲೆ ಸಮುದ್ರದ ತಂಗಾಳಿ ಎಂದು ಬರೆದಿತ್ತು. ಹೈದರಾಬಾದಿನವನಿಗೆ ಗೊತ್ತಿರುವ ಸಾಗರ ಒಂದೇ, ಹುಸೇನ್ ಸಾಗರ. ಎರಡು ದಿನದಲ್ಲಿ ಕಾರು ಟ್ಯಾಂಕ್‌ಬಂಡಿನ ಮೇಲೆ ನಿಂತ ಅನುಭವ ಕೊಡತೊಡಗಿತು. ಯಾರೋ ಅಡುಗೆ ಸೋಡಾ ವಾಸನೆ ಹೀರುತ್ತದೆ ಎಂದರು. ಬಟ್ಟಲಲ್ಲಿ ಹಾಕಿ ಮುಂದಿನ ಸೀಟಿನ ಕೆಳಗಿಟ್ಟೆ; ನಾರಾಯಣಗುಡದ ಒಂದು ಹಂಪಿನಲ್ಲಿ ಅದು ನನ್ನ ಕಪ್ಪು ಪ್ಯಾಂಟು ಹತ್ತಿತು. ಕಾಫಿ ಪುಡಿ ಕೇಳಿದಾಗ ಹೆಂಡತಿ ಡಬ್ಬಿಯನ್ನೇ ಮೇಲಿನ ಕಪಾಟಿಗೆ ಏರಿಸಿದಳು.

ಆಗ ನನಗೆ ಚಾರ್‌ಮಿನಾರ್ ನೆನಪಾಯಿತು. ನಾಲ್ಕು ನೂರು ವರ್ಷದ ಊರಲ್ಲಿದ್ದು ಪೆಟ್ರೋಲ್ ಬಂಕಿನ ಜೆಲ್ಲಿಗೆ ಕೈ ಚಾಚುವುದೆ? ಪತ್ಥರ್‌ಗಟ್ಟಿಯ ಅತ್ತರಿನ ಅಂಗಡಿಯಲ್ಲಿ ಕಲ್ಲುಗೋಡೆಗೆ ಆನಿಸಿದ ಗಾಜಿನ ಕಪಾಟು, ಅದರ ತುಂಬ ಬೆರಳುದ್ದದ ಶೀಷೆಗಳು. ಮುದುಕರು ಒಬ್ಬರು ನನ್ನ ಮುಂಗೈ ತಿರುಗಿಸಿ ಒಂದೊಂದೇ ಗಾಜಿನ ಕಡ್ಡಿಯನ್ನು ಉಜ್ಜುತ್ತ ಹೋದರು. ಮಜ್ಮುಆ, ಶಮಾಮಾ, ಖಸ್. ಕೊನೆಗೆ ಒಂದನ್ನು ಉಜ್ಜಿ ಏನೂ ಹೇಳದೆ ನನ್ನ ಮುಖ ನೋಡಿದರು. ಸೇಡಂ ಹತ್ತಿರದ ನಮ್ಮ ಹೊಲದ ಮೇಲೆ ಮೃಗಶಿರಾದ ಮೊದಲ ಹನಿ ಬಿದ್ದ ವಾಸನೆ! ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುವ ಮಿಟ್ಟೀ ಅತ್ತರು ಅದು. ಅರ್ಧ ತೊಲ ಕಟ್ಟಿಸಿಕೊಂಡೆ. ಬೆಲೆ ಇಲ್ಲಿ ಬರೆಯುವುದಿಲ್ಲ, ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಹತ್ತಿಯಲ್ಲಿ ಅದ್ದಿ ಎಸಿಯ ಕಿಂಡಿಗಳಿಗೆ ಸಿಕ್ಕಿಸಿ ಸಂಸಾರ ಸಮೇತ ಹೊರಟೆ. ಹಿಮಾಯತ್‌ನಗರ ದಾಟುವಷ್ಟರಲ್ಲಿ ಹೆಂಡತಿ ತೀರ್ಪು ಕೊಟ್ಟಳು. “ಮೊದಲ ಬರೇ ನಾರ್ತಿತ್ತು. ಈಗ ಸಿಂಗಾರ ಮಾಡ್ಕೊಂಡು ನಾರ್ಲಕತ್ತದ.”

ಇದರ ಮರ್ಮ ವಿಜ್ಞಾನದಲ್ಲಿದೆ. ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಪರಿಮಳದ ಬಗ್ಗೆ 1964ರಲ್ಲಿ ಇಬ್ಬರು ಆಸ್ಟ್ರೇಲಿಯಾದ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಪರಿಮಳದ ಮುಖ್ಯ ಪಾಲುದಾರ ಜಿಯೋಸ್ಮಿನ್ ಎಂಬ ಪದಾರ್ಥ. ಮಣ್ಣಿನ ಸೂಕ್ಷ್ಮಜೀವಿಗಳು ಹೆತ್ತದ್ದು. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಕೆಲವು ಬೂಸ್ಟುಗಳು ಹೆರುವುದೂ ಇದೇ ಕೂಸನ್ನು. ಹಸಿ ಗೋಡೆಯ ಮುಗ್ಗು ವಾಸನೆಯಲ್ಲಿ ಇದರ ಪಾಲೂ ಇರುತ್ತದೆ. ಅಂದರೆ ನಾನು ತೊಲದ ಲೆಕ್ಕದಲ್ಲಿ ಕೊಂಡುತಂದದ್ದೂ, ನನ್ನ ಎಸಿಯಲ್ಲಿ ಪುಕ್ಕಟೆ ಬೆಳೆಯುತ್ತಿದ್ದದ್ದೂ ಒಂದೇ ಗೋತ್ರದವು. ಸಗೋತ್ರ ವಿವಾಹ ಕೂಡದೆಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಇಷ್ಟಾದ ಮೇಲೂ ನಾನು ಮ್ಯಾನ್ಯುಯಲ್ ಓದಲಿಲ್ಲ. ಇತಿಹಾಸ ಓದಿದೆ. ಬ್ಯಾಂಕಿನಲ್ಲೂ ಅಷ್ಟೇ, ಲೆಕ್ಕ ತಾಳೆಯಾಗದಿದ್ದಾಗ ನಾನು ಹಳೆಯ ಸರ್ಕ್ಯುಲರುಗಳನ್ನು ಓದುತ್ತ ಕೂರುತ್ತಿದ್ದೆ. ವಿಲಿಸ್ ಕ್ಯಾರಿಯರ್ ಎಂಬ 25ರ ಹುಡುಗ 1902ರಲ್ಲಿ ಎಸಿಯ ನಕ್ಷೆ ಹಾಕಿದ್ದು ಮನುಷ್ಯರ ಸುಖಕ್ಕಲ್ಲವಂತೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ತೆಗೆಯುವುದಕ್ಕೇ ಹುಟ್ಟಿದ ಯಂತ್ರ ಇದು! ಕಾರಿಗೆ ಕಂಪನಿಯೇ ಮೊದಲು ಎಸಿ ಕೂರಿಸಿಕೊಟ್ಟದ್ದು ಅಮೆರಿಕದ ಪ್ಯಾಕರ್ಡ್, 1940ರ ಮಾದರಿಯಲ್ಲಿ. ಅದರ ತಂಪಿನ ಪೆಟ್ಟಿಗೆ ಡಿಕ್ಕಿಯ ಬಹುಪಾಲನ್ನು ನುಂಗುತ್ತಿತ್ತು. ಅದನ್ನು ನಿಲ್ಲಿಸಬೇಕೆಂದರೆ ಗಾಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕೈಯಾರೆ ಕಳಚಬೇಕಿತ್ತು. ಇದನ್ನು ಊಟದ ಹೊತ್ತಿಗೆ ಓದಿ ಹೇಳಿದೆ. “ಅವರಿಗಿ ಬಾನೆಟ್ಟರೆ ತೆಗೀಲಿಕ್ಕ ಬರ್ತಿತ್ತು” ಎಂದಳು ಹೆಂಡತಿ, ಸಾರು ಬಡಿಸುತ್ತ.

ಈ ಹಂತದಲ್ಲಿ ಅಪ್ಪ ಪ್ರವೇಶಿಸಿದರು. ನಿಜಾಮರ ಕಾಲದಲ್ಲಿ ಕಲಬುರಗಿಯ ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ವಯಸ್ಸು ಎಂಬತ್ತು ದಾಟಿದೆ, ಮೂಗು ಇನ್ನೂ ಇಪ್ಪತ್ತರದು. ಆಗೆಲ್ಲ ಕಚೇರಿಯ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರಂತೆ, ಒಳಗೆ ಕೂತ ಸಾಹೇಬನಿಗೆ ಬೇಸಿಗೆಯ ಗುರುತೇ ಹತ್ತುತ್ತಿರಲಿಲ್ಲವಂತೆ. “ಅದು ನಾರ್ತಿದ್ದಿಲ್ಲೇನಪ?” ಎಂದು ಕೇಳಿದೆ. “ಯಾಕ ನಾರ್ತದ? ಸಂಜಿಗಿ ಬಿಚ್ಚಿ ಒಣಾ ಹಾಕ್ತಿದ್ರು. ಮತ್ತ ಲೋಬಾನ ಹೊಗಿ ಹಾಕ್ತಿದ್ರು” ಎಂದರು.

ಅಪ್ಪ ಹೇಳಿದ್ದು ಎರಡು ಮಾತು. ನಾನು ಎರಡನೆಯದನ್ನು ಹಿಡಿದುಕೊಂಡೆ.

ಭಾನುವಾರ ಬೆಳಗ್ಗೆ ಸೆಲ್ಲಾರಿನಲ್ಲಿ ಮಣ್ಣಿನ ಧೂಪಾರತಿಯಲ್ಲಿ ಕೆಂಡ ಹಾಕಿ, ಮೇಲೆ ಲೋಬಾನ ಉದುರಿಸಿ, ಗೇರಿನ ಹಿಂದಿನ ಜಾಗದಲ್ಲಿ ಭದ್ರವಾಗಿಟ್ಟು, ಬಾಗಿಲುಗಳನ್ನೆಲ್ಲ ಮುಚ್ಚಿದೆ. ಲೋಬಾನ ಕಿಂಡಿ ಕಿಂಡಿಗೂ ಹೋಗಲಿ ಎಂದು ಒಳಗೆ ಫ್ಯಾನು ಹಾಕಿಟ್ಟಿದ್ದೆ, ಅಷ್ಟು ಯೋಚನೆ ನನಗಿದೆ. ಬೂದು ಹೊಗೆ ಗಾಜಿನ ಆಚೆ ಸುತ್ತಿ ಸುತ್ತಿ ಏರಿ ಸ್ಟೇರಿಂಗ್ ಚಕ್ರ ಕಾಣದಾಯಿತು. ಅಪ್ಪ ಕುರ್ಚಿ ಹಾಕಿಕೊಂಡು ನೋಡುತ್ತ “ಮಾಷಾ ಅಲ್ಲಾ” ಎಂದರು. ಅಷ್ಟರಲ್ಲಿ ಪಾಲಮೂರು ಕಡೆಯ ನಮ್ಮ ವಾಚ್‌ಮನ್, ಹಾಲು ತರಲು ಹೋದವನು, ಮೆಟ್ಟಿಲ ಹತ್ತಿರ ನಿಂತು ಒಮ್ಮೆ ನೋಡಿದ. “ಮಂಟಲು ಸಾರ್, ಮಂಟಲು!” ಎಂದು ಕೂಗಿ, ಹಾಲಿನ ಪ್ಯಾಕೆಟ್ಟುಗಳನ್ನು ಅಪ್ಪನ ಮಡಿಲಿಗೆ ಎಸೆದು, ಕಾರು ತೊಳೆಯುವ ಬಕೆಟ್ಟು ಎತ್ತಿಕೊಂಡು, ಬಾಗಿಲು ತೆಗೆದು ಸುರಿದೇ ಬಿಟ್ಟ. ಬೇಡವೋ ಬೇಡವೋ ಎಂದು ನಾನು ಕನ್ನಡದಲ್ಲಿ ಕೂಗಿದೆ. ತೆಲುಗು ಬರುತ್ತದೆ ನನಗೆ, ಆದರೆ ಅಂಥ ಹೊತ್ತಿಗೆ ಬರುವುದಿಲ್ಲ. ಇನ್ನೊಂದು ಬಕೆಟ್ಟು ಬಂತು. ಮೂರನೆಯದಕ್ಕೆ ಅಸೋಸಿಯೇಷನ್ನಿನ ಅಧ್ಯಕ್ಷರು ಖುದ್ದಾಗಿ ನಲ್ಲಿ ತಿರುಗಿಸುತ್ತಿದ್ದರು.

ಹುಡುಗನದು ಏನೂ ತಪ್ಪಿಲ್ಲ. ಅವನಿಗೆ ಆ ದಿನ ಅಧ್ಯಕ್ಷರು ನೂರು ರೂಪಾಯಿ ಬಹುಮಾನ ಕೊಟ್ಟರು. ಅದನ್ನು ನನ್ನ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಿದ್ದು ಮಾತ್ರ ಅತಿಯಾಯಿತು.

ಈಗ ಒಣಗಿಸದೆ ಗತಿ ಇರಲಿಲ್ಲ. ಮ್ಯಾಟುಗಳನ್ನು ತೆಗೆದೆವು, ಅದರ ಕೆಳಗಿನ ಕಾರ್ಪೆಟ್ಟಿನ ಅಂಚು ಎತ್ತಿದೆವು. ಎಡಗಡೆ, ಹೆಂಡತಿ ಕಾಲಿಡುವ ಜಾಗದಲ್ಲಿ, ಕಾರ್ಪೆಟ್ಟಿನ ಅಡಿಯ ಸ್ಪಂಜು ಕಪ್ಪಗೆ ಕೊಳೆತು ಕೈಗೆ ಲೊಳಲೊಳ ಹತ್ತಿತು. ಆ ಸ್ಪಂಜಿನ ಸಂದಿಯಲ್ಲಿ ಒಂದು ತೊಗರಿ ಕಾಳು. ಸುಮ್ಮನೆ ಕಾಳಲ್ಲ: ಸಿಪ್ಪೆ ಬಿರಿದು, ಬಿಳಿಯ ಬೇರೊಂದು ಕೆಳಗೆ ಬಾಗಿ, ಮೇಲೆ ಮಡಚಿದ ಎರಡು ಎಲೆಗಳ ತಿಳಿಹಳದಿ ಕುಡಿ. ಸುಗ್ಗಿಯಲ್ಲಿ ಸೇಡಂನಿಂದ ಚೀಲ ತಂದಾಗ ಉದುರಿದ್ದಿರಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಬರ್ಕತ್‌ಪುರದ ಸೆಲ್ಲಾರಿನಲ್ಲಿ ಮೊಳೆತರೆ ಆ ಮಾನ್ಯತೆ ಉಳಿಯುತ್ತದೋ ಇಲ್ಲವೋ, ಬಲ್ಲವರು ಹೇಳಬೇಕು.

ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ಈ ವರ್ಷ ಮಳಿ ತಡಾ ಆಗಿ ಹೊಲದಾಗ ಬಿತ್ತಿದ್ದು ಮೊಳಕಿ ಒಡೀಲಿಲ್ಲ. ನಿನ್ನ ಕಾರಿನಾಗ ಒಡದದ ನೋಡು. ಮುಂದಿನ ವರ್ಷ ಇದರಾಗೇ ಬಿತ್ತು.”

ಮಗಳು ಮಾತ್ರ ಪತ್ತೇದಾರಿಕೆ ಮಾಡಿದಳು. ಮೊಳಕೆ ಒಂದು ಗಂಟೆಯಲ್ಲಿ ಬರುವುದಿಲ್ಲ. ಆದ್ದರಿಂದ ಈ ನೀರು ವಾಚ್‌ಮನ್‌ನದಲ್ಲ. ಮೊದಲಿನಿಂದಲೂ ಇಲ್ಲಿ ನೀರಿದೆ. ಮಳೆ ಒಳಗೆ ಬಂದಿದ್ದರೆ ಬಾಗಿಲ ಬದಿ ಒದ್ದೆಯಾಗಬೇಕಿತ್ತು, ಆಗಿಲ್ಲ. ಇಷ್ಟು ಹೇಳಿ, ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು, ನನ್ನ ಕಣ್ಣೆದುರೇ ಮ್ಯಾನ್ಯುಯಲ್ಲಿನ ಸೀಲು ಹರಿದಳು. ನನಗೆ ಏನೋ ಕಳೆದುಕೊಂಡ ಹಾಗಾಯಿತು.

ಫೋನಿನಲ್ಲಿ ವಿಚಾರಿಸಿದ ಕಡೆಯೆಲ್ಲ ಕೀಟಾಣು ನಿರ್ಮೂಲನದ ಬೆಳ್ಳಿ ಪ್ಯಾಕೇಜು, ಬಂಗಾರದ ಪ್ಯಾಕೇಜು ಎಂದು ಒಡವೆ ಅಂಗಡಿಯ ಭಾಷೆ ಆಡಿದರು. ಕೊನೆಗೆ ಪುತ್ಲಿಬೌಲಿಯ ಒಬ್ಬ ಎಸಿ ಉಸ್ತಾದನ ಹತ್ತಿರ ಹೋದೆವು. ಆತ ಮೂಸಿ ನೋಡಲಿಲ್ಲ, ಗುಂಡಿ ಒತ್ತಿ ನೋಡಲಿಲ್ಲ. ಎಡಗಡೆಯ ಕಾರ್ಪೆಟ್ಟಿಗೆ ಅಂಗೈ ಇಟ್ಟು ನನ್ನನ್ನು ಕೇಳಿದ.

“ನೀಚೆ ಪಾನಿ ಗಿರ್‍ರಾ ಕ್ಯಾ ಸಾಬ್?”

“ಗಿರ್ತಾ ಥಾ. ಬಂದ್ ಹೋಗಯಾ” ಎಂದೆ, ಅಭ್ಯಾಸಬಲದ ಹೆಮ್ಮೆಯಿಂದ.

“ತೋ ಕಿಧರ್ ಜಾರಾ?”

ನೀರು ಎಲ್ಲಿ ಹೋಗುತ್ತಿದೆ ಎಂಬ ಈ ಪ್ರಶ್ನೆಯನ್ನು ಲೆಕ್ಕಪತ್ರದಲ್ಲೇ ಆಯುಷ್ಯ ಕಳೆದ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಜಮೆ ಇದ್ದು ಖರ್ಚು ಕಾಣದಿದ್ದರೆ ಹಣ ಎಲ್ಲೋ ಕೂತಿದೆ ಎಂದು ಬ್ಯಾಂಕಿನ ಜವಾನನೂ ಹೇಳುತ್ತಾನೆ. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದರಲ್ಲಿ ಅವಳಿಗೆ ಮೂವತ್ತು ವರ್ಷದ ಅನುಭವವಿದೆ.

ಉಸ್ತಾದ್ ಗಾಡಿಯ ಕೆಳಗೆ ತೂರಿ ಸಣ್ಣ ನಳಿಗೆಗೆ ಒಂದು ತಂತಿ ಹಾಕಿ ತಿರುವಿದ. ಮೊದಲು ಮಣ್ಣಿನ ಬಿರಟೆಯೊಂದು ಬಿತ್ತು, ಹಿಂದೆಯೇ ಕಂದು ಬಣ್ಣದ ನೀರು ಧಾರಾಕಾರ. ಆಮೇಲೆ ಡ್ಯಾಶ್‌ಬೋರ್ಡಿನ ಡಬ್ಬಿಯ ಎರಡು ಬದಿಗಳನ್ನು ಅಂಗೈಗಳಿಂದ ಒಳಗೆ ಒತ್ತಿದ, ಅದು ಬಾಯಿ ಬಿಟ್ಟು ಕೆಳಕ್ಕೆ ಜೋತುಬಿತ್ತು. ಹಿಂದೆ ಒಂದು ಪ್ಲಾಸ್ಟಿಕ್ ಪಟ್ಟಿ, ಪಟ್ಟಿಯ ಹಿಂದೆ ಕ್ಯಾಬಿನ್ ಫಿಲ್ಟರು. ಬಿಳಿಯ ನಿರಿಗೆ ಕಾಗದದ ಚೌಕ ಎಂದು ಮ್ಯಾನ್ಯುಯಲ್ಲಿನ ಚಿತ್ರದಲ್ಲಿತ್ತು. ಹೊರಬಂದದ್ದು ಬೇರೆ. ನಿರಿಗೆ ನಿರಿಗೆಯಲ್ಲೂ ಇದ್ದಿಲ ಬಣ್ಣದ ಧೂಳಿನ ಹತ್ತಿ, ಅದರ ನಡುವೆ ಬೇವಿನ ಒಣ ಎಲೆಗಳು, ಹೊಂಗೆಯ ಹೂವಿನ ಪಕಳೆ, ಒಂದು ಜೇನುನೊಣದ ರೆಕ್ಕೆ, ಮೂಲೆಯಲ್ಲಿ ಅರ್ಧ ಶೇಂಗಾ ಸಿಪ್ಪೆ. ಅತ್ತೆಯವರು ಹೇಳಿದ ಇಲಿ ಇರಲಿಲ್ಲ, ಬಂದು ಹೋದ ಗುರುತು ಇತ್ತು. ನಾವು ಇಷ್ಟು ವರ್ಷ ಉಸಿರಾಡಿದ್ದು ಇದನ್ನು ಸೋಸಿ.

ಆಮೇಲಿನದು ಬೇಗ ಮುಗಿಯಿತು. ಇವಾಪೊರೇಟರಿಗೆ ನೊರೆಯ ಔಷಧ ಹೊಡೆದ, ಬೆಳ್ಳಗೆ ಹೋದ ನೊರೆ ಚಹಾದ ಬಣ್ಣದಲ್ಲಿ ಕೆಳಗಿನ ನಳಿಗೆಯಿಂದ ಇಳಿಯಿತು. ಕಾರ್ಪೆಟ್ಟು ಬಿಚ್ಚಿಕೊಟ್ಟ. ಆಷಾಢದಲ್ಲಿ ಬಿಸಿಲೆಲ್ಲಿ? ಅದು ನಮ್ಮ ಹಾಲಿನ ಫ್ಯಾನಿನ ಕೆಳಗೆ ವಾರಗಟ್ಟಲೆ ಮಲಗಿತ್ತು, ನಾವು ಅದನ್ನು ದಾಟಿಕೊಂಡು ಓಡಾಡಿದೆವು. ಉಸ್ತಾದ್ ಕಿಂಡಿಗಳಿಂದ ಅತ್ತರಿನ ಹತ್ತಿ ಕಿತ್ತು ಮೂಸಿ, “ಯೇ ತೋ ಅಸ್ಲೀ ಮಾಲ್ ಹೈ. ಕಾಯ್ಕು ಬರ್ಬಾದ್ ಕರೆ?” ಎಂದು ಮರುಗಿ ತನ್ನ ಕಿವಿಯ ಮಡಿಕೆಗೆ ಸಿಕ್ಕಿಸಿಕೊಂಡ. ಹೊರಡುವಾಗ ಹೇಳಿದ್ದು ಇಷ್ಟೇ: “ಘರ್ ಆನೇ ಕೆ ಪಾಂಚ್ ಮಿನಟ್ ಪೈಲೇ ಏಸಿ ಬಂದ್ ಕರೋ, ಫ್ಯಾನ್ ಚಲ್ನೇ ದೇವ್.” ಮನೆಗೆ ಬಂದು ಹೇಳಿದರೆ ಅಪ್ಪ, “ನಾ ಏನಂದಿದ್ದೆ? ಸಂಜಿಗಿ ಒಣಾ ಹಾಕ್ತಿದ್ರು ಅಂತ” ಎಂದರು.

ಮುಗ್ಗು ವಾಸನೆ ಹೋಯಿತು. ಸಂಸಾರದಲ್ಲಿ ನೆಮ್ಮದಿ ನೆಲೆಸಿತು ಎಂದು ಬರೆಯಬಹುದಿತ್ತು. ಆದರೆ ಅದು ಇಷ್ಟು ಕಾಲ ಏನೇನನ್ನು ಮುಚ್ಚಿಟ್ಟಿತ್ತು ಎಂಬುದು ಆಮೇಲೆ ಗೊತ್ತಾಯಿತು. ಸ್ವಚ್ಛ ಗಾಳಿಯಲ್ಲಿ ಮೊದಲ ಸಲ ಹೊರಟಾಗ ಹಿಂದಿನ ಸೀಟಿನಿಂದ ಉಪ್ಪಿನಕಾಯಿಯೂ, ಡಿಕ್ಕಿಯಿಂದ ಶೂವೂ ಬೇರೆ ಬೇರೆಯಾಗಿ, ಯಾವ ಕಲಬೆರಕೆಯೂ ಇಲ್ಲದೆ ಬಂದವು. ಇಬ್ಬರ ದಾವೆಗಳೂ ಗೆದ್ದವು.

ಈಗ ನಾನು ನಾರಾಯಣಗುಡದ ಚೌರಸ್ತೆಗೆ ಬರುತ್ತಲೇ ಎಸಿ ಆರಿಸಿ, ಹೊರಗಾಳಿಯ ಕಿಂಡಿ ತೆರೆದು, ಫ್ಯಾನು ಜೋರು ಮಾಡುತ್ತೇನೆ. ಕೂತವರು ಬೆವರುತ್ತಾರೆ. ಅಷ್ಟು ದೂರಕ್ಕೆ ಅವರಿಗೆ ಇವಾಪೊರೇಟರಿನ ಬಗ್ಗೆ ಹೇಳಲು ಸಮಯ ಸಿಗುತ್ತದೆ. ಮೊದಲು ವಾಸನೆಗೆ ಹೆದರುತ್ತಿದ್ದರು, ಈಗ ಉಪನ್ಯಾಸಕ್ಕೆ ಹೆದರುತ್ತಾರೆ ಎಂದು ಮಗಳ ವರದಿ.

ಓದುಗರೇ, ಮಳೆ ಹಿಡಿಯುವ ಮುಂಚೆ ನಿಮ್ಮ ಕಾರಿನ ಆ ಡಬ್ಬಿಯನ್ನೊಮ್ಮೆ ಬಿಚ್ಚಿ ನೋಡಿ. ಬಹುಪಾಲು ಕಾರುಗಳಲ್ಲಿ ಫಿಲ್ಟರು ಅಲ್ಲೇ ಇರುತ್ತದೆ; 10-15 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕು, ಧೂಳಿನ ಊರಾದರೆ ಇನ್ನೂ ಬೇಗ. ಅದರ ಅಂಚಿನಲ್ಲಿ ಒಂದು ಬಾಣದ ಗುರುತಿದೆ, ಗಾಳಿ ಹೋಗುವ ದಿಕ್ಕಿಗೆ ಅದು ಇರಬೇಕು. ಎಸಿ ಓಡುವಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಸಂತೋಷಪಡಿ, ನಿಂತರೆ ಗಾಬರಿಯಾಗಿ. ಮಿಟ್ಟೀ ಅತ್ತರು ಬೇಕಾದವರು ನನಗೆ ಕಾಗದ ಬರೆಯಿರಿ. ಕಾಲು ತೊಲ ಉಳಿದಿದೆ, ಅಸಲು ಬೆಲೆಗೆ ಕೊಡುತ್ತೇನೆ.